ಹಾಸನದ ಮತ ಮತ್ತು ಮನೆತನದ ಋಣ

2024ರ ಜೂನ್ 4ರಂದು ಹಾಸನ ಲೋಕಸಭಾ ಕ್ಷೇತ್ರದ ಫಲಿತಾಂಶ ಹೊರಬಿದ್ದಾಗ ರಾಜ್ಯದ ಕಣ್ಣೆಲ್ಲ ಒಂದು ಸಂಖ್ಯೆಯ ಮೇಲಿತ್ತು. ಕಾಂಗ್ರೆಸ್ಸಿನ ಶ್ರೇಯಸ್ ಪಟೇಲ್ ಅವರು ಜಾತ್ಯತೀತ ಜನತಾದಳದ ಪ್ರಜ್ವಲ್ ರೇವಣ್ಣ ಅವರನ್ನು 42,649 ಮತಗಳ ಅಂತರದಿಂದ ಸೋಲಿಸಿದ್ದರು. ಇಪ್ಪತ್ತೈದು ವರ್ಷಗಳ ಬಳಿಕ ಈ ಕ್ಷೇತ್ರ ಕಾಂಗ್ರೆಸ್ಸಿಗೆ ಒಲಿದಿತ್ತು. ಭದ್ರಕೋಟೆ ಬಿತ್ತೆಂದು ಹಲವರು ಸಂಭ್ರಮಿಸಿದರು. ಆದರೆ ಅದೇ ಫಲಿತಾಂಶ ಪಟ್ಟಿಯಲ್ಲಿ ಇನ್ನೊಂದು ಸಂಖ್ಯೆಯೂ ಇತ್ತು. ಸೋತ ಅಭ್ಯರ್ಥಿಗೆ ಬಿದ್ದ ಮತಗಳು 6,30,339. ಮತದಾನಕ್ಕೆ ಕೆಲವೇ ದಿನಗಳ ಮುನ್ನ ಆತನ ವಿರುದ್ಧದ ಆರೋಪಗಳ ಪೆನ್‌ಡ್ರೈವ್‌ಗಳು ಹಾಸನದ ಬೀದಿಗಳಲ್ಲಿ ಹರಿದಾಡಿದ್ದವು. ಆ ಮಾತು ಕಿವಿಗೆ ಬೀಳದವರು ಜಿಲ್ಲೆಯಲ್ಲಿ ವಿರಳವಾಗಿದ್ದಿರಬೇಕು. ಆದರೂ ಆರು ಲಕ್ಷಕ್ಕೂ ಮಿಕ್ಕ ಮತದಾರರು ಆತನ ಹೆಸರಿನ ಮುಂದಿನ ಗುಂಡಿಯನ್ನೇ ಒತ್ತಿದರು. ಕೋಟೆ ಬಿದ್ದ ಬಗೆಗಿಂತ ಇಷ್ಟರ ಮಟ್ಟಿಗೆ ಅದು ನಿಂತಿದ್ದ ಬಗೆಯೇ ಹೆಚ್ಚು ವಿಚಾರಯೋಗ್ಯವೆಂದು ನಮ್ಮ ಅಭಿಪ್ರಾಯ.

ಆ ಆರು ಲಕ್ಷ ಜನರನ್ನು ದುಷ್ಟರೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಜನ ಬೇರೆ ಯಾವ ಊರಿನ ಜನರಿಗಿಂತಲೂ ಕೆಟ್ಟವರಲ್ಲ. ಅವರನ್ನು ಕಟ್ಟಿಹಾಕಿದ್ದು ಋಣವೆಂಬ ಭಾವನೆ. ಆ ಋಣ ಹುಟ್ಟಿದ್ದು ಹೇಗೆ, ಅದನ್ನು ಯಾರು ಯಾರ ಹೆಸರಿನಲ್ಲಿ ವಸೂಲು ಮಾಡುತ್ತಾ ಬಂದರು ಎಂಬುದನ್ನು ಅರಿಯದೆ ಈ ಸೀಮೆಯ ಚುನಾವಣಾ ಚರಿತ್ರೆ ಅರ್ಥವಾಗುವುದಿಲ್ಲ.

ಹೊಳೆನರಸೀಪುರ ತಾಲೂಕಿನ ಹರದನಹಳ್ಳಿಯಲ್ಲಿ 1933ರಲ್ಲಿ ಹುಟ್ಟಿದ ಎಚ್.ಡಿ. ದೇವೇಗೌಡರು ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿದ ರೈತನ ಮಗ. 1962ರಲ್ಲಿ ಕಾಂಗ್ರೆಸ್ ಟಿಕೆಟು ಸಿಗದೆ ಹೊಳೆನರಸೀಪುರದಿಂದ ಪಕ್ಷೇತರರಾಗಿ ನಿಂತು ಗೆದ್ದರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಬೆನ್ನಿಗೆ ಮನೆತನವಿರಲಿಲ್ಲ, ಪಕ್ಷವಿರಲಿಲ್ಲ. ಇಂದು ಆ ಕುಟುಂಬದ ಹೆಸರಿನಲ್ಲಿ ಟಿಕೆಟು ಪಡೆಯುವವರು ಈ ಒಂದು ಸಂಗತಿಯನ್ನು ನೆನಪಿಡಬೇಕಿತ್ತು. ಅದೂ ಸೇರಿ ಒಂದರ ಮೇಲೊಂದರಂತೆ ಆರು ಚುನಾವಣೆಗಳಲ್ಲಿ ಅದೇ ಕ್ಷೇತ್ರ ಅವರನ್ನು ವಿಧಾನಸಭೆಗೆ ಕಳುಹಿಸಿತು. 1972ರ ಬಳಿಕ ವಿರೋಧ ಪಕ್ಷದ ನಾಯಕರಾದರು, ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಮನೆ ಕಂಡರು. ಜನತಾ ಸರಕಾರದಲ್ಲಿ ಲೋಕೋಪಯೋಗಿ ಮತ್ತು ನೀರಾವರಿ ಸಚಿವರಾಗಿ, ನೀರಾವರಿಗೆ ಕೊಟ್ಟ ಹಣ ಸಾಲದೆಂದು 1987ರಲ್ಲಿ ರಾಜೀನಾಮೆಯನ್ನೂ ಕೊಟ್ಟರು.

ಋಣ ಹುಟ್ಟಿದ್ದು ಇಲ್ಲಿಂದ. ಗೊರೂರಿನಲ್ಲಿ ಹೇಮಾವತಿ ನದಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರ ನಾಲೆಗಳು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಹೊಲಗಳ ಹಣೆಬರಹವನ್ನು ಬದಲಿಸಿದವು. ಮಳೆಯ ಮುಖ ನೋಡಿ ರಾಗಿ ಬಿತ್ತುತ್ತಿದ್ದ ಹೊಲದಲ್ಲಿ ಭತ್ತದ ನಾಟಿ ಕಂಡ ರೈತ, ನೀರು ತಂದವರ ಹೆಸರನ್ನು ಮಕ್ಕಳಿಗೆ ಹೇಳದೆ ಇರುತ್ತಾನೆಯೇ? ವಿಧಾನಸಭೆಯಲ್ಲಿ ನೀರಿನ ಲೆಕ್ಕವನ್ನು ಟಿಎಂಸಿಗಳಲ್ಲಿ ಬಿಡಿಸಿಡಬಲ್ಲ ಜನಪ್ರತಿನಿಧಿ ತಮ್ಮವನು ಎಂಬ ಹೆಮ್ಮೆ ಈ ಭಾಗದ ರೈತರಲ್ಲಿತ್ತು. ಆ ಹೆಮ್ಮೆ ಸುಳ್ಳಾಗಿರಲಿಲ್ಲ. ಮುಂದೆ ಪ್ರಧಾನಿಯಾದಾಗ 1996ರಲ್ಲಿ ಬೆಂಗಳೂರು–ಹಾಸನ ರೈಲುಮಾರ್ಗಕ್ಕೆ ಚಾಲನೆ ಕೊಟ್ಟರು. ಆ ಮಾರ್ಗ ಪೂರ್ಣಗೊಂಡು ನೇರ ರೈಲು ಓಡಿದ್ದು 2017ರಲ್ಲಿ, ಅದು ಬೇರೆ ಮಾತು.

ಆದರೆ ನಾಲೆಯಲ್ಲಿ ಹರಿದ ನೀರಿಗೆ ಹಣ ಕೊಟ್ಟದ್ದು ಸರಕಾರದ ಬೊಕ್ಕಸ. ಮಣ್ಣು ಹೊತ್ತದ್ದು ಕೂಲಿಕಾರರು. ಹಿನ್ನೀರಿಗೆ ಮನೆಮಾರು ಬಿಟ್ಟುಕೊಟ್ಟು ಎದ್ದು ಹೋದದ್ದು ಮುಳುಗಡೆಯ ಹಳ್ಳಿಗಳ ಜನ. ಇವರಾರ ಹೆಸರಿನಲ್ಲೂ ಯಾರೂ ಮತ ಕೇಳಲಿಲ್ಲ. ಪ್ರಜಾಪ್ರತಿನಿಧಿಯ ಕರ್ತವ್ಯ ಕ್ರಮೇಣ ಪ್ರಭುವಿನ ಉಪಕಾರವೆಂದು ಬಗೆಯಲ್ಪಟ್ಟಿತು. ಉಪಕಾರ ಪಡೆದವನು ಲೆಕ್ಕ ಕೇಳುವುದಿಲ್ಲ, ಉಪಕಾರಿಯ ಮಗನಿಗೂ ಮೊಮ್ಮಗನಿಗೂ ಕೈಮುಗಿಯುತ್ತಾನೆ. ಅದೇ ಹೇಮಾವತಿಯ ನೀರು ತಮಗೆ ಸರಿಯಾಗಿ ಬಾರಲಿಲ್ಲವೆಂಬ ಅಸಮಾಧಾನ ತುಮಕೂರಿನವರಲ್ಲಿತ್ತು. 2019ರಲ್ಲಿ ಅಲ್ಲಿ ನಿಂತ ದೇವೇಗೌಡರು ಸೋತರು. ಒಂದೇ ನದಿ ಒಂದು ಜಿಲ್ಲೆಯಲ್ಲಿ ಋಣವಾಗಿಯೂ ಇನ್ನೊಂದು ಜಿಲ್ಲೆಯಲ್ಲಿ ದೂರಾಗಿಯೂ ಮತಪೆಟ್ಟಿಗೆ ಸೇರಿತು.

ಹಾಗೆಂದು ಹಾಸನದವರು ಎಂದೂ ಪ್ರಶ್ನಿಸಲಿಲ್ಲ ಎನ್ನುವುದು ಚರಿತ್ರೆಗೆ ಮಾಡುವ ಅಪಚಾರ. 1989ರಲ್ಲಿ ಹೊಳೆನರಸೀಪುರದ ಮತದಾರರೇ ದೇವೇಗೌಡರನ್ನು ಸೋಲಿಸಿ ಕಾಂಗ್ರೆಸ್ಸಿನ ಜಿ. ಪುಟ್ಟಸ್ವಾಮಿಗೌಡರನ್ನು ಗೆಲ್ಲಿಸಿದರು. ಎರಡು ವರ್ಷಗಳ ಬಳಿಕ ಲೋಕಸಭೆಗೆ ನಿಂತ ದೇವೇಗೌಡರು ಚನ್ನರಾಯಪಟ್ಟಣ ಸೀಮೆಯ ಪ್ರಬಲ ನಾಯಕ ಎಚ್.ಸಿ. ಶ್ರೀಕಂಠಯ್ಯನವರನ್ನು ಸಣ್ಣ ಅಂತರದಲ್ಲಿ ಸೋಲಿಸಿ ದಿಲ್ಲಿಗೆ ಹೋದರು. ಆ ಗೆಲುವಿಲ್ಲದಿದ್ದರೆ 1994ರ ಮುಖ್ಯಮಂತ್ರಿ ಪದವಿಯಾಗಲಿ 1996ರ ಪ್ರಧಾನಿ ಪದವಿಯಾಗಲಿ ಅವರ ಪಾಲಿಗೆ ಬರುತ್ತಿತ್ತೇ ಎಂಬುದು ಸಂಶಯ. 1998ರಲ್ಲಿ ಮತ್ತೆ ಹಾಸನದಿಂದ ಗೆದ್ದವರು ಮರುವರ್ಷವೇ ಅದೇ ಪುಟ್ಟಸ್ವಾಮಿಗೌಡರ ಎದುರು ಸೋತರು. 1999ರ ಆ ಚುನಾವಣೆಯಲ್ಲಿ ಹೊಳೆನರಸೀಪುರದಲ್ಲಿ ಮಗ ಎಚ್.ಡಿ. ರೇವಣ್ಣ ಅವರೂ ಸೋತಿದ್ದರು. ಮಾಜಿ ಪ್ರಧಾನಿಯನ್ನೂ ಅವರ ಮಗನನ್ನೂ ಒಂದೇ ಸಲ ಮನೆಗೆ ಕಳುಹಿಸಿದ ಮತದಾರನನ್ನು ಗುಲಾಮನೆಂದು ಕರೆಯುವ ಧೈರ್ಯ ಯಾರಿಗಿದೆ?

ವಿಪರ್ಯಾಸವೆಂದರೆ ಆ ಪ್ರಶ್ನೆಯೂ ಕಾಲಕ್ರಮದಲ್ಲಿ ಇನ್ನೊಂದು ಮನೆಯ ಆಸ್ತಿಯಾಯಿತು. ಪುಟ್ಟಸ್ವಾಮಿಗೌಡರ ನಂತರ 2008 ಮತ್ತು 2013ರಲ್ಲಿ ಹೊಳೆನರಸೀಪುರದಲ್ಲಿ ರೇವಣ್ಣ ಅವರೆದುರು ಕಾಂಗ್ರೆಸ್ ನಿಲ್ಲಿಸಿದ್ದು ಅವರ ಸೊಸೆ ಎಸ್.ಜಿ. ಅನುಪಮಾ ಅವರನ್ನು. 2023ರಲ್ಲಿ ನಿಲ್ಲಿಸಿದ್ದು ಮೊಮ್ಮಗ ಶ್ರೇಯಸ್ ಪಟೇಲ್ ಅವರನ್ನು. ಮೂರು ಸಾವಿರಕ್ಕೆ ಸ್ವಲ್ಪ ಹೆಚ್ಚಿನ ಅಂತರದಿಂದ ಅವರು ಸೋತರು, ಮರುವರ್ಷ ಲೋಕಸಭೆಗೆ ಗೆದ್ದರು. ಅಂದರೆ 1989ರಲ್ಲಿ ತಾತ–ತಾತಂದಿರ ನಡುವೆ ಆರಂಭವಾದ ಸ್ಪರ್ಧೆ 2024ರಲ್ಲಿ ಮೊಮ್ಮಕ್ಕಳ ನಡುವೆ ನಡೆಯಿತು. ಮೂವತ್ತೈದು ವರ್ಷಗಳಲ್ಲಿ ಮತದಾರನ ಮುಂದಿಟ್ಟ ಆಯ್ಕೆ ಎರಡು ಹೊಸಿಲುಗಳಾಚೆ ಹೋಗಲೇ ಇಲ್ಲ. ಹಳ್ಳಿಯಲ್ಲಿ ಒಬ್ಬನನ್ನು ಗುರುತಿಸುವುದೇ ‘ಅವರು ಆ ಕಡೆಯವರು, ಇವರು ಈ ಕಡೆಯವರು’ ಎಂದು. ರಸ್ತೆ, ಪಡಿತರ, ಆಶ್ರಯ ಮನೆ, ಗ್ರಾಮ ಪಂಚಾಯತಿಯ ನಲ್ಲಿ, ಹಾಲಿನ ಸಂಘ ಎಲ್ಲಕ್ಕೂ ಈ ‘ಕಡೆ’ಯ ಮುದ್ರೆ ಬೀಳುವಾಗ ತಟಸ್ಥನಾಗಿರುವುದು ಬಡವನಿಗೆ ದುಬಾರಿಯಾಗುತ್ತದೆ.

ಒಳಗಿನ ಟಿಕೆಟು ಹಂಚಿಕೆಯೂ ಅಷ್ಟೇ. 2019ರ ಮಾರ್ಚ್‌ನಲ್ಲಿ ಹೊಳೆನರಸೀಪುರ ತಾಲೂಕಿನ ಮೂಡಲಹಿಪ್ಪೆಯಲ್ಲಿ ದೇವೇಗೌಡರು ಹಾಸನ ಕ್ಷೇತ್ರವನ್ನು ಮೊಮ್ಮಗ ಪ್ರಜ್ವಲ್‌ಗೆ ಬಿಟ್ಟುಕೊಡುವುದಾಗಿ ಘೋಷಿಸಿದಾಗ ವೇದಿಕೆಯ ಮೇಲೆ ಕುಟುಂಬವೇ ಕಣ್ಣೀರಿಟ್ಟಿತು. ಲೋಕಸಭಾ ಕ್ಷೇತ್ರವನ್ನು ತಾತ ಮೊಮ್ಮಗನಿಗೆ ‘ಬಿಟ್ಟುಕೊಡುವುದು’ ಎಂಬ ಮಾತಿನಲ್ಲಿ ಯಾರಿಗೂ ಅಸಹಜವೇನೂ ಕಾಣಲಿಲ್ಲ. ಮೊಮ್ಮಗ 1.41 ಲಕ್ಷ ಮತಗಳಿಂದ ಗೆದ್ದ. ತಾತ ತುಮಕೂರಿನಲ್ಲಿ ಸೋತರೆಂದು ತಿಳಿದ ಮರುದಿನ ತಾನು ರಾಜೀನಾಮೆ ಕೊಟ್ಟು ಸ್ಥಾನವನ್ನು ಅವರಿಗೆ ಹಿಂದಿರುಗಿಸಲು ಸಿದ್ಧನೆಂದ. ಜನ ಕೊಟ್ಟ ಅಧಿಕಾರಪತ್ರವನ್ನು ಮನೆಯೊಳಗಿನ ಪಾಲುಪಟ್ಟಿಯಂತೆ ಭಾವಿಸುವುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ?

2023ರ ವಿಧಾನಸಭಾ ಚುನಾವಣೆಯಲ್ಲಿ ಹಾಸನ ನಗರದ ಟಿಕೆಟಿಗಾಗಿ ರೇವಣ್ಣ ಅವರ ಪತ್ನಿ ಭವಾನಿಯವರು ಪಟ್ಟು ಹಿಡಿದರು. ಎಚ್.ಡಿ. ಕುಮಾರಸ್ವಾಮಿಯವರು ಒಪ್ಪಲಿಲ್ಲ. ಟಿಕೆಟು ಸಾಮಾನ್ಯ ಕಾರ್ಯಕರ್ತನಿಗೇ ಎಂದು ಅವರು ಹೇಳುತ್ತಾ ಬಂದರು. ಕೊನೆಗೆ ಅದು ಸಿಕ್ಕಿದ್ದು ಸ್ವರೂಪ್ ಪ್ರಕಾಶ್ ಅವರಿಗೆ. ಅವರು ನಾಲ್ಕು ಬಾರಿ ಹಾಸನದ ಶಾಸಕರಾಗಿದ್ದ ದಿವಂಗತ ಎಚ್.ಎಸ್. ಪ್ರಕಾಶ್ ಅವರ ಪುತ್ರ! ಅವರು ಬಿಜೆಪಿಯ ಪ್ರೀತಂ ಗೌಡರನ್ನು ಸೋಲಿಸಿದರು ಎಂಬುದು ನಿಜ, ಅವರ ಸಜ್ಜನಿಕೆಯ ಬಗ್ಗೆ ನಮ್ಮ ತಕರಾರೂ ಇಲ್ಲ. ಆದರೆ ಈ ಸೀಮೆಯ ರಾಜಕೀಯ ಕೋಶದಲ್ಲಿ ‘ಸಾಮಾನ್ಯ ಕಾರ್ಯಕರ್ತ’ ಎಂಬ ಪದಕ್ಕಿರುವ ಅರ್ಥ ಇದೇ ಆದರೆ, ಬಾವುಟ ಕಟ್ಟಿ, ಚೀಟಿ ಹಂಚಿ, ಮತಗಟ್ಟೆಯ ಏಜೆಂಟಾಗಿ ಕೂತು ತಲೆ ನೆರೆದವನನ್ನು ಯಾವ ಹೆಸರಿನಿಂದ ಕರೆಯೋಣ?

ಅರಕಲಗೂಡಿನ ಕತೆ ಬೇರೆ. ಅಲ್ಲಿ ಮನೆತನಕ್ಕಿಂತ ಪಕ್ಷಾಂತರವೇ ಪ್ರಧಾನ. ಎ. ಮಂಜು ಅವರು 1999ರಲ್ಲಿ ಬಿಜೆಪಿಯಿಂದ, 2008 ಮತ್ತು 2013ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು, ಸಿದ್ದರಾಮಯ್ಯನವರ ಮಂತ್ರಿಮಂಡಲದಲ್ಲಿ ಸಚಿವರೂ ಆದರು. 2019ರಲ್ಲಿ ಮತ್ತೆ ಬಿಜೆಪಿಗೆ ಹೋಗಿ ಪ್ರಜ್ವಲ್ ವಿರುದ್ಧ ಸ್ಪರ್ಧಿಸಿ ಸೋತರು. ಸೋತವರು ಸುಮ್ಮನಿರಲಿಲ್ಲ. ಪ್ರಜ್ವಲ್ ತಮ್ಮ ಆಸ್ತಿಯ ವಿವರಗಳನ್ನು ಪ್ರಮಾಣಪತ್ರದಲ್ಲಿ ಮುಚ್ಚಿಟ್ಟಿದ್ದಾರೆಂದು ಹೈಕೋರ್ಟಿಗೆ ಹೋದರು. ಒಬ್ಬ ಮತದಾರರೂ ಪ್ರತ್ಯೇಕ ಅರ್ಜಿ ಹಾಕಿದ್ದರು. 2023ರ ಸೆಪ್ಟೆಂಬರ್ 1ರಂದು ಹೈಕೋರ್ಟು ಪ್ರಜ್ವಲ್ ಆಯ್ಕೆಯನ್ನು ಅಸಿಂಧುಗೊಳಿಸಿತು. ತಮ್ಮನ್ನೇ ವಿಜಯಿಯೆಂದು ಘೋಷಿಸಬೇಕೆಂಬ ಮಂಜು ಅವರ ಕೋರಿಕೆಯನ್ನು ಮಾತ್ರ ಒಪ್ಪಲಿಲ್ಲ. ಆ ತೀರ್ಪು ಬರುವ ಹೊತ್ತಿಗೆ ಅರ್ಜಿದಾರರು ಎಲ್ಲಿದ್ದರು ಗೊತ್ತೇ? ಅದೇ ವರ್ಷದ ಮೇ ತಿಂಗಳಲ್ಲಿ ಜೆಡಿಎಸ್ ಟಿಕೆಟಿನಲ್ಲಿ ಗೆದ್ದು ಪ್ರಜ್ವಲ್ ಅವರ ಪಕ್ಷದ ಶಾಸಕರಾಗಿ ಕೂತಿದ್ದರು! ತೀರ್ಪಿಗೆ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟಿತು, ಪ್ರಜ್ವಲ್ ಅವಧಿ ಪೂರೈಸಿದರು, ಪಕ್ಷ ಮತ್ತೆ ಟಿಕೆಟು ಕೊಟ್ಟಿತು. ಆಯ್ಕೆ ಅಸಿಂಧುವೆಂದು ಹೈಕೋರ್ಟು ಹೇಳಿದ ಅಭ್ಯರ್ಥಿಯನ್ನೇ ಮತ್ತೆ ಜನರ ಮುಂದೆ ತರುವಾಗ ಪಕ್ಷಕ್ಕಿದ್ದ ಧೈರ್ಯ ಇದೇ ಋಣದ ಧೈರ್ಯ.

ಅದೇ ಅರಕಲಗೂಡಿನ ಎ.ಟಿ. ರಾಮಸ್ವಾಮಿಯವರು ಬೆಂಗಳೂರಿನ ಸರಕಾರಿ ಭೂಮಿಯ ಒತ್ತುವರಿಯನ್ನು ಬಯಲಿಗೆಳೆದ ಸದನ ಸಮಿತಿಯ ಅಧ್ಯಕ್ಷರಾಗಿ ರಾಜ್ಯದಲ್ಲೆಲ್ಲ ಹೆಸರಾದವರು. ಅಂಥವರೂ ಕಾಂಗ್ರೆಸ್, ಜೆಡಿಎಸ್‌ಗಳನ್ನು ದಾಟಿ 2023ರಲ್ಲಿ ಬಿಜೆಪಿಯ ಬಾಗಿಲಿಗೆ ಬಂದರು. ಭೂಗಳ್ಳರ ಪಟ್ಟಿ ಮಾಡಿದ ವರದಿಯ ಗತಿ ಏನಾಯಿತೆಂದು ಅವರ ಕ್ಷೇತ್ರದಲ್ಲಿ ಯಾವ ಪಕ್ಷವೂ ಚರ್ಚೆಗೆತ್ತಿಕೊಳ್ಳಲಿಲ್ಲ. ಚನ್ನರಾಯಪಟ್ಟಣದ ವಿಚಾರದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಶ್ರವಣಬೆಳಗೊಳ ಕ್ಷೇತ್ರವೆಂದು ಕರೆಯಲ್ಪಡುವ ಅಲ್ಲಿ ಶ್ರೀಕಂಠಯ್ಯನವರ ಕಾಲ ಮುಗಿದ ಮೇಲೆ 2004ರಿಂದ 2023ರವರೆಗೆ ಐದೂ ಚುನಾವಣೆಗಳಲ್ಲಿ ಜೆಡಿಎಸ್ ಗೆದ್ದಿದೆ. ಮೊದಲೆರಡು ಬಾರಿ ಸಿ.ಎಸ್. ಪುಟ್ಟೇಗೌಡರು, ನಂತರ ಮೂರು ಬಾರಿ ಸಿ.ಎನ್. ಬಾಲಕೃಷ್ಣ. 2023ರಲ್ಲಿ ಜಿಲ್ಲೆಯ ಏಳು ಸ್ಥಾನಗಳಲ್ಲಿ ಜೆಡಿಎಸ್ ಉಳಿಸಿಕೊಂಡದ್ದು ನಾಲ್ಕು. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಈ ಶ್ರವಣಬೆಳಗೊಳ. ರಾಜ್ಯದಲ್ಲಿ ಆ ಪಕ್ಷಕ್ಕೆ ದಕ್ಕಿದ್ದೇ ಹತ್ತೊಂಬತ್ತು ಸ್ಥಾನ.

ಈ ಎಲ್ಲ ಲೆಕ್ಕಾಚಾರಗಳಲ್ಲಿ ಎಲ್ಲೂ ಕಾಣಿಸದಿದ್ದವಳು ಹೆಣ್ಣು. ಜೆಡಿಎಸ್‌ನ ಚಿಹ್ನೆ ತೆನೆ ಹೊತ್ತ ಮಹಿಳೆ. ಮಹಿಳಾ ಮೀಸಲಾತಿ ಮಸೂದೆಯನ್ನು ಮೊತ್ತಮೊದಲು ಲೋಕಸಭೆಯಲ್ಲಿ ಮಂಡಿಸಿದ್ದು 1996ರ ಸೆಪ್ಟೆಂಬರ್‌ನಲ್ಲಿ, ದೇವೇಗೌಡರ ಸರಕಾರವೇ. ಆದರೆ 1952ರ ಸಿದ್ದನಂಜಪ್ಪನವರಿಂದ ಹಿಡಿದು 2024ರ ಶ್ರೇಯಸ್ ಪಟೇಲರವರೆಗೆ ಹಾಸನದಿಂದ ಒಬ್ಬ ಮಹಿಳೆಯೂ ಲೋಕಸಭೆಗೆ ಹೋಗಿಲ್ಲ. ಎರಡು ಮನೆಗಳ ನಡುವಿನ ಈ ಸ್ಪರ್ಧೆಯಲ್ಲಿ ಮಹಿಳೆಯ ಹೆಸರು ಕೇಳಿಬಂದದ್ದೂ ಸೊಸೆಯೆಂಬ ನೆಲೆಯಲ್ಲಿಯೇ.

2024ರ ಏಪ್ರಿಲ್‌ನಲ್ಲಿ ಹಾಸನದ ಮಹಿಳೆ ಏಕಾಏಕಿ ಚುನಾವಣೆಯ ವಿಷಯವಾದಳು. ಆದರೆ ಆದ ಬಗೆ ನಾಚಿಕೆಗೇಡಿನದು. ಏಪ್ರಿಲ್ 26ರ ಮತದಾನಕ್ಕೆ ದಿನಗಳಿರುವಾಗ ಅಶ್ಲೀಲ ದೃಶ್ಯಗಳ ಪೆನ್‌ಡ್ರೈವ್‌ಗಳನ್ನು ಬಸ್ ನಿಲ್ದಾಣ, ಉದ್ಯಾನಗಳಲ್ಲಿ ಚೆಲ್ಲಲಾಯಿತು. ಮುಖಗಳನ್ನು ಮರೆಮಾಚುವ ಕನಿಷ್ಠ ಮಾನವೀಯತೆಯನ್ನೂ ಚೆಲ್ಲಿದವರು ತೋರಲಿಲ್ಲ. ಒಬ್ಬನನ್ನು ಸೋಲಿಸಲಿಕ್ಕಾಗಿ ಅನೇಕ ಹೆಣ್ಣುಮಕ್ಕಳ ಮಾನವನ್ನು ಕರಪತ್ರದಂತೆ ಹಂಚಿದವರಿಗೂ ಆ ಹೆಣ್ಣುಮಕ್ಕಳ ಬಗ್ಗೆ ಕನಿಕರವಿರಲಿಲ್ಲ, ಅವರನ್ನು ಚಿತ್ರೀಕರಿಸಿದವನಿಗೂ ಇರಲಿಲ್ಲ. ಹಲವರು ಊರು ಬಿಟ್ಟರೆಂದು ವರದಿಯಾಯಿತು. ಗಂಡನಿಗೆ, ಅತ್ತೆಗೆ, ನೆರೆಮನೆಯವರಿಗೆ ಮುಖ ತೋರಿಸಲಾಗದೆ ಬಾಗಿಲು ಹಾಕಿಕೊಂಡು ಕೂತವರ ಮನೆಗೆ ಯಾವ ಪಕ್ಷದ ಅಭ್ಯರ್ಥಿ ಹೋಗಿ ‘ತಾಯಿ, ತಪ್ಪು ನಿಮ್ಮದಲ್ಲ’ ಎಂದು ಹೇಳಿದ? ಚರ್ಚೆಯೆಲ್ಲ ಪೆನ್‌ಡ್ರೈವ್ ಹಂಚಿದವರು ಯಾರು, ಇದರಿಂದ ಯಾವ ಪಕ್ಷಕ್ಕೆ ಎಷ್ಟು ಲಾಭ ಎಂಬುದರ ಸುತ್ತಲೇ ಸುತ್ತಿತು.

ಮುಂದಿನದನ್ನು ಓದುಗರು ಬಲ್ಲರು. ಮತದಾನದ ಬೆನ್ನಿಗೇ ಅಭ್ಯರ್ಥಿ ಜರ್ಮನಿಗೆ ಹಾರಿದ. ಮೇ 31ರಂದು ಹಿಂದಿರುಗಿದಾಗ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ವಿಶೇಷ ತನಿಖಾ ತಂಡ ಬಂಧಿಸಿತು. ಮನೆಗೆಲಸದ ಮಹಿಳೆಯೊಬ್ಬರ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಆತನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿ ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ತೀರ್ಪಿನ ವಿರುದ್ಧ ಆತ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದ್ದಾನೆ, ಅದು ಆತನ ಹಕ್ಕು. ನಾವು ಇಲ್ಲಿ ನೆನಪಿಸಬಯಸುವುದು ಶಿಕ್ಷೆಯನ್ನಲ್ಲ, ದೂರನ್ನು. ಎರಡು ಬಾರಿ ಮುಖ್ಯಮಂತ್ರಿಯಾದ ಚಿಕ್ಕಪ್ಪ, ಹಲವು ಬಾರಿ ಸಚಿವನಾದ ತಂದೆ, ಪ್ರಧಾನಿಯಾಗಿದ್ದ ತಾತ ಇರುವ ಮನೆಯ ಸಂಸದನ ವಿರುದ್ಧ, ಅದೇ ಮನೆಯವರ ಕೆಲಸಕ್ಕಿದ್ದ ಬಡ ಹೆಂಗಸು ನ್ಯಾಯಾಲಯದ ಕಟಕಟೆಯಲ್ಲಿ ನಿಂತು ನುಡಿದದ್ದನ್ನು ಬದಲಿಸಲಿಲ್ಲ. ಅನ್ನದ ಋಣ ಎಂಬ ಮಾತನ್ನು ಬೇರೆ ಯಾರಿಗಿಂತಲೂ ಹೆಚ್ಚಾಗಿ ಆಕೆಗೆ ನೆನಪಿಸಿದ್ದಿರಬಹುದು. ಆಕೆ ಆ ಲೆಕ್ಕವನ್ನು ಒಪ್ಪಲಿಲ್ಲ. ಇಡೀ ಜಿಲ್ಲೆಯ ಘಟಾನುಘಟಿ ನಾಯಕರಿಗೆ, ಅವರ ಸುತ್ತ ಕೂತು ಕಂಡೂ ಕಾಣದಂತಿದ್ದವರಿಗೆ ಆಗದ್ದು ಆಕೆಗೆ ಆಯಿತು.

ಇನ್ನು ನಮ್ಮ ಮನೆಯ ಲೆಕ್ಕ. ಹಾಸನದ ಪೆನ್ಶನ್ ಮೊಹಲ್ಲಾದಿಂದ ಹಿಡಿದು ತಾಲೂಕು ಕೇಂದ್ರಗಳ ಪೇಟೆ ಬೀದಿಗಳವರೆಗೆ ಗ್ಯಾರೇಜು, ಗುಜರಿ, ಹಣ್ಣಿನ ವ್ಯಾಪಾರ, ಚಿಕ್ಕಪುಟ್ಟ ನೌಕರಿಗಳಲ್ಲಿ ಬದುಕುವ ಮುಸ್ಲಿಮ್ ಕುಟುಂಬಗಳೂ ಇದೇ ಋಣದ ಪಾಲುದಾರರಾಗಿದ್ದವು. ಅದಕ್ಕೆ ಕಾರಣಗಳಿದ್ದವು. ಹುಬ್ಬಳ್ಳಿಯ ಈದ್ಗಾ ಮೈದಾನದ ವಿವಾದ 1994ರಲ್ಲಿ ಗೋಲಿಬಾರು, ಸಾವುನೋವಿನವರೆಗೆ ಹೋಗಿತ್ತು. ದೇವೇಗೌಡರು ಮುಖ್ಯಮಂತ್ರಿಯಾದ ಮೇಲೆ ಅಂಜುಮನ್ ಸಂಸ್ಥೆಯೇ ಅಲ್ಲಿ ರಾಷ್ಟ್ರಧ್ವಜ ಹಾರಿಸುವ ಏರ್ಪಾಡಾಗಿ ಉರಿ ತಣ್ಣಗಾಯಿತು. 1995ರಲ್ಲಿ ಅವರ ಸರಕಾರದ ಆದೇಶದಿಂದ ಪ್ರವರ್ಗ 2ಬಿ ಅಡಿಯಲ್ಲಿ ಮುಸ್ಲಿಮರಿಗೆ ಶೇಕಡಾ 4ರ ಮೀಸಲಾತಿ ದೊರೆಯಿತು. ಆ ನಾಲ್ಕು ಶೇಕಡಾದಿಂದ ಇಂಜಿನಿಯರಿಂಗ್ ಸೀಟು, ಶಿಕ್ಷಕ ಹುದ್ದೆ ಪಡೆದವರು ನಮ್ಮ ಓದುಗ ಕುಟುಂಬಗಳಲ್ಲೇ ಇದ್ದಾರೆ. ಇದನ್ನು ಮರೆಯುವುದು ಕೃತಘ್ನತೆ.

ಆದರೆ ಕೃತಜ್ಞತೆಗೂ ಜೀತಕ್ಕೂ ವ್ಯತ್ಯಾಸವಿದೆ. 2ಬಿ ಒಂದು ಮನೆಯ ಕೊಡುಗೆಯೆಂದು ವೇದಿಕೆಗಳಲ್ಲಿ ಹೇಳುವುದನ್ನು ಕೇಳಿ ಕೇಳಿ ಸಮುದಾಯದ ಯುವಕರು ಅದನ್ನೇ ಚರಿತ್ರೆಯೆಂದು ನಂಬಿದ್ದಾರೆ. ಹಾಸನ ಸೇರಿದ್ದ ಹಳೆಯ ಮೈಸೂರು ಸಂಸ್ಥಾನದಲ್ಲಿ 1918ರಷ್ಟು ಹಿಂದೆಯೇ ಮಿಲ್ಲರ್ ಸಮಿತಿ ರಚನೆಯಾಗಿ, ಅದರ ಫಲವಾಗಿ ಬ್ರಾಹ್ಮಣೇತರ ಸಮುದಾಯಗಳೊಂದಿಗೆ ಮುಸ್ಲಿಮರಿಗೂ ಸರಕಾರಿ ಸೇವೆಯಲ್ಲಿ ಅವಕಾಶದ ಬಾಗಿಲು ತೆರೆಯಿತು. 1977ರಲ್ಲಿ ದೇವರಾಜ ಅರಸು ಸರಕಾರ ಮುಸ್ಲಿಮರನ್ನು ಹಿಂದುಳಿದ ವರ್ಗಗಳ ಪಟ್ಟಿಗೆ ಸೇರಿಸಿತು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಆಯೋಗ 1990ರಲ್ಲಿ ಕೊಟ್ಟ ವರದಿ ಅದಕ್ಕೆ ಅಧ್ಯಯನದ ಬಲ ಕೊಟ್ಟಿತು. 1994ರಲ್ಲಿ ವೀರಪ್ಪ ಮೊಯಿಲಿ ಸರಕಾರ ಪ್ರತ್ಯೇಕ ಪ್ರವರ್ಗದ ಆದೇಶ ಹೊರಡಿಸಿತು. ಒಟ್ಟು ಮೀಸಲಾತಿ ಶೇಕಡಾ 50ನ್ನು ಮೀರಕೂಡದೆಂದು ಸುಪ್ರೀಂ ಕೋರ್ಟು ಹೇಳಿದ್ದರಿಂದ ಪ್ರಮಾಣಗಳನ್ನು ಇಳಿಸಿ ಜಾರಿಗೆ ತಂದ ಕೊನೆಯ ಹೆಜ್ಜೆ ದೇವೇಗೌಡರದು. ಮುಕ್ಕಾಲು ಶತಮಾನದ ಈ ದಾರಿಯಲ್ಲಿ ಹಲವು ಪಕ್ಷಗಳು, ಆಯೋಗಗಳು, ನ್ಯಾಯಾಲಯಗಳು ನಡೆದಿವೆ. ಹಿಂದುಳಿದಿರುವಿಕೆಯನ್ನು ಅಂಕಿಅಂಶಗಳಿಂದ ಸಾಬೀತುಪಡಿಸಿ ಪಡೆದ ಹಕ್ಕದು. ಹಕ್ಕಿಗೆ ಬಡ್ಡಿ ಕಟ್ಟಬೇಕಾಗಿಲ್ಲ.

ಕಟ್ಟಿದ್ದು ಮಾತ್ರ ದೀರ್ಘಕಾಲ. 2006ರ ಫೆಬ್ರವರಿಯಲ್ಲಿ ಕುಮಾರಸ್ವಾಮಿಯವರು ಬಿಜೆಪಿಯೊಂದಿಗೆ ಸೇರಿ ಸರಕಾರ ರಚಿಸಿದಾಗ ಮಗ ತನ್ನ ಮಾತು ಮೀರಿದನೆಂದು ತಂದೆ ನೊಂದುಕೊಂಡರು, ಸಮುದಾಯದ ಹಿರಿಯರು ನಂಬಿದರು. 2023ರ ಮಾರ್ಚ್ 24ರಂದು ಬೊಮ್ಮಾಯಿ ಸಂಪುಟ 2ಬಿಯನ್ನು ರದ್ದುಗೊಳಿಸಿ ಆ ಶೇಕಡಾ 4ನ್ನು ಒಕ್ಕಲಿಗ ಮತ್ತು ಲಿಂಗಾಯತ ಪ್ರವರ್ಗಗಳಿಗೆ ಸಮನಾಗಿ ಹಂಚುವ ತೀರ್ಮಾನ ಮಾಡಿತು. ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಯಾದಾಗ ಸರಕಾರ ಸದ್ಯಕ್ಕೆ ಜಾರಿಗೊಳಿಸುವುದಿಲ್ಲವೆಂದು ಹೇಳಬೇಕಾಯಿತು. ಆ ಚುನಾವಣೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮುಸ್ಲಿಮರಿಗೆ ಟಿಕೆಟು ಕೊಟ್ಟ ಜೆಡಿಎಸ್, ಆರು ತಿಂಗಳೊಳಗೆ, ಸೆಪ್ಟೆಂಬರ್ 22ರಂದು, ಅದೇ ಬಿಜೆಪಿಯ ನೇತೃತ್ವದ ಎನ್‌ಡಿಎ ಸೇರಿತು. ಇದನ್ನು ಒಪ್ಪದ ರಾಜ್ಯಾಧ್ಯಕ್ಷ ಸಿ.ಎಂ. ಇಬ್ರಾಹಿಂ ಅವರನ್ನು ಅಕ್ಟೋಬರ್‌ನಲ್ಲಿ ಹುದ್ದೆಯಿಂದ ಕೆಳಗಿಳಿಸಲಾಯಿತು. ದೇವೇಗೌಡರ ಕೇಂದ್ರ ಸಂಪುಟದಲ್ಲಿ ಸಚಿವರಾಗಿದ್ದವರು ಅವರು. ತಾವು ಕೊಟ್ಟ ಮೀಸಲಾತಿಯನ್ನು ಕಿತ್ತುಕೊಳ್ಳಹೊರಟವರ ಜೊತೆ ಕೈಜೋಡಿಸಿದ ಬಳಿಕವೂ 1995ರ ಆದೇಶವನ್ನು ತೋರಿಸಿ ಮತ ಕೇಳುವುದು ಮಾರಿದ ಮನೆಯ ಬಾಡಿಗೆ ಕೇಳಿದಂತೆ.

ಈ ಬಾರಿ ಸಮುದಾಯ ಕಾಂಗ್ರೆಸ್ಸಿನತ್ತ ವಾಲಿತೆಂಬುದನ್ನು ಎಲ್ಲರೂ ಬಲ್ಲರು. ಅದಕ್ಕಾಗಿ ಬೆನ್ನು ತಟ್ಟಿಕೊಳ್ಳುವ ಮುನ್ನ ಒಂದು ಮಾತು ಕೇಳಿಕೊಳ್ಳಬೇಕು. ಮನೆತನದ ಋಣದಿಂದ ಬಿಡಿಸಿಕೊಂಡು ಹೋದದ್ದು ಭಯದ ಋಣಕ್ಕೋ? ‘ಅವರು ಬರದಿರಲು ನಮಗೆ ಕೊಡಿ’ ಎಂಬ ಒಂದೇ ವಾಕ್ಯದ ಮೇಲೆ ಮತ ಪಡೆದವನು ಮೊಹಲ್ಲಾದ ಚರಂಡಿಗೆ, ಉರ್ದು ಶಾಲೆಯ ಖಾಲಿ ಹುದ್ದೆಗೆ, ಹೆಣ್ಣುಮಕ್ಕಳ ಹಾಸ್ಟೆಲಿಗೆ ಉತ್ತರ ಹೇಳಬೇಕಾದ ಅಗತ್ಯವನ್ನೇ ಕಾಣುವುದಿಲ್ಲ. ನೂತನ ಸಂಸದರು ಯುವಕರು, ಅವರಿಗೆ ನಮ್ಮ ಶುಭಾಶಯಗಳಿವೆ. ಆದರೆ ಅವರೂ ತಾತನ ಹೆಸರಿನ ಮೇಲೆ ಬಂದವರು; ನಾಳೆ ಅವರ ಹೆಸರಿನ ಮೇಲೂ ಒಂದು ಕೋಟೆ ಏಳಲು ಎಷ್ಟು ಹೊತ್ತು ಬೇಕು?

ಇದಕ್ಕೆ ಪರಿಹಾರ ಲೋಕಸಭಾ ಚುನಾವಣೆಯಲ್ಲಿಲ್ಲ. ಹೆಸರಿಲ್ಲದ ಮನೆಯ ಹುಡುಗನೋ ಹುಡುಗಿಯೋ ರಾಜಕೀಯ ಕಲಿಯುವ ಜಾಗಗಳೆಂದರೆ ಗ್ರಾಮ ಪಂಚಾಯತಿ, ತಾಲೂಕು ಪಂಚಾಯತಿ, ಜಿಲ್ಲಾ ಪಂಚಾಯತಿ, ನಗರಸಭೆ, ಪುರಸಭೆ. ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಿರುವುದೂ ಅಲ್ಲಿಯೇ. ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆ ನಡೆದಿತ್ತು. 2021ರಲ್ಲಿ ಅವುಗಳ ಅವಧಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ವ್ಯಾಜ್ಯ ಎಂಬ ನೆಪಗಳಲ್ಲಿ ವರ್ಷಗಳೇ ಉರುಳಿದವು. ಬಿಜೆಪಿ ಸರಕಾರವೂ ನಡೆಸಲಿಲ್ಲ, ನಂತರ ಬಂದ ಕಾಂಗ್ರೆಸ್ ಸರಕಾರವೂ ಅವಸರ ತೋರಲಿಲ್ಲ, ವಿರೋಧ ಪಕ್ಷದಲ್ಲಿದ್ದ ಜೆಡಿಎಸ್ ಇದಕ್ಕಾಗಿ ಬೀದಿಗಿಳಿಯಲಿಲ್ಲ. ಶಾಸಕನಿಗೆ ತನ್ನ ಕ್ಷೇತ್ರದಲ್ಲಿ ಇನ್ನೊಬ್ಬ ಜನಪ್ರತಿನಿಧಿ ತಲೆಯೆತ್ತದಿರುವುದೇ ಅನುಕೂಲ. ಈ ಒಂದು ವಿಷಯದಲ್ಲಿ ಮೂರೂ ಪಕ್ಷಗಳಿಗೆ, ಎರಡೂ ಮನೆಗಳಿಗೆ ಒಮ್ಮತವಿದೆ.

ಆ ಚುನಾವಣೆ ಬಂದಾಗ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಜಮಾಅತ್‌ಗಳು, ಮಹಿಳಾ ಸಂಘಗಳು, ರೈತ ಸಂಘದ ಗೆಳೆಯರು ಒಟ್ಟಾಗಿ ಕೂತು ಅಭ್ಯರ್ಥಿಗಳನ್ನು ಕರೆಸಿ ಮಾತಾಡಿಸಲಿ. ಯಾರ ಮಗ ಎಂದು ಕೇಳುವುದು ಬೇಡ. ಪ್ರಮಾಣಪತ್ರದಲ್ಲಿ ಬರೆದ ಆಸ್ತಿ ಎಷ್ಟು, ಮೊಕದ್ದಮೆಗಳು ಯಾವುವು, ಕಳೆದ ಐದು ವರ್ಷ ಯಾವ ಪಕ್ಷದಲ್ಲಿದ್ದಿರಿ, ನಮ್ಮ ಬೀದಿಗೆ ಕೊನೆಯ ಬಾರಿ ಬಂದದ್ದು ಯಾವಾಗ, ಒಬ್ಬ ಹೆಂಗಸು ನಿಮ್ಮ ಪಕ್ಷದ ದೊಡ್ಡವರ ಮೇಲೆ ದೂರು ತಂದರೆ ಯಾರ ಪಕ್ಕ ನಿಲ್ಲುತ್ತೀರಿ ಎಂದು ಕೇಳಲಿ. ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರದ ಪ್ರತಿ ಚುನಾವಣಾಧಿಕಾರಿಯ ಕಚೇರಿಯ ಸೂಚನಾ ಫಲಕದಲ್ಲಿ ಯಾರು ಬೇಕಾದರೂ ಓದುವಂತೆ ಹಚ್ಚಿರುತ್ತದೆ. ನಮ್ಮ ಊರುಗಳಲ್ಲಿ ಅದನ್ನು ನಿಂತು ಓದಿದವರನ್ನು ಕಂಡವರು ಅಪರೂಪ.